ಎಂಬತ್ತೆಂಟು ಹೋಗಿ ಇನ್ನೂರ ಎಪ್ಪತ್ತೈದು: ಮೈಸೂರು ಸೀಮೆಯ ಪಡುವಣ ತಾಲ್ಲೂಕುಗಳಲ್ಲಿ ಹೆದ್ದಾರಿ ಸಂಖ್ಯೆಗಳ ಚರಿತ್ರೆ

ಮೈಸೂರಿನಿಂದ ಪಡುವಣಕ್ಕೆ ಹೊರಟ ಹೆದ್ದಾರಿ ಇಲವಾಲ, ಬಿಳಿಕೆರೆ, ಹುಣಸೂರು, ಕಂಪಲಾಪುರ, ಪಿರಿಯಾಪಟ್ಟಣ, ಬೈಲಕುಪ್ಪೆಗಳನ್ನು ಹಾದು ಕೊಪ್ಪದ ಆಚೆ ಕಾವೇರಿಯನ್ನು ದಾಟಿ ಕೊಡಗನ್ನು ಹೊಗುತ್ತದೆ. ಮೈಸೂರಿನವರಿಗೆ ಇದು ಹುಣಸೂರು ರಸ್ತೆ, ಪಿರಿಯಾಪಟ್ಟಣದವರಿಗೆ ಮೈಸೂರು ರಸ್ತೆ, ಪುತ್ತೂರು–ಸುಳ್ಯದ ಕಡೆ ಮಾಣಿ–ಮೈಸೂರು ರಸ್ತೆ. ಲೋಕೋಪಯೋಗಿ ಇಲಾಖೆಯ ಕಡತಗಳಲ್ಲಿ ಬಹುಕಾಲ ಇದು ರಾಜ್ಯ ಹೆದ್ದಾರಿ 88 ಆಗಿತ್ತು. ಈಗ ರಾಷ್ಟ್ರೀಯ ಹೆದ್ದಾರಿ 275ರ ಭಾಗ. ಈ ಎರಡು ಸಂಖ್ಯೆಗಳು ಎರಡು ಬಗೆಯ ಆಡಳಿತ ಬುದ್ಧಿಯಿಂದ ಹುಟ್ಟಿದವು ಎಂಬುದು ಪ್ರಸ್ತುತ ಲೇಖನದ ವಾದ. ರಾಜ್ಯದ ಸಂಖ್ಯೆಯ ಹಿಂದೆ ಪ್ರಾಂತಗಳು ಒಂದಾದ ಚರಿತ್ರೆ ಇದೆ, ರಾಷ್ಟ್ರೀಯ ಸಂಖ್ಯೆಯ ಹಿಂದೆ ಭೂಪಟದ ಲೆಕ್ಕಾಚಾರ ಇದೆ.

ರಸ್ತೆಗಳಿಗೆ ದರ್ಜೆ ಕಟ್ಟುವ ಪದ್ಧತಿ ಸಂಖ್ಯೆಗಿಂತ ಮೊದಲು ಬಂತು. ಜಯಕರ್ ಸಮಿತಿಯ ಶಿಫಾರಸಿನ ಮೇಲೆ 1929ರಲ್ಲಿ ಕೇಂದ್ರ ರಸ್ತೆ ನಿಧಿ, 1934ರಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್ ರೂಪುಗೊಂಡವು. 1943ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಸೇರಿದ ಮುಖ್ಯ ಎಂಜಿನಿಯರುಗಳು ದೇಶದ ರಸ್ತೆಗಳನ್ನು ರಾಷ್ಟ್ರೀಯ ಹೆದ್ದಾರಿ, ಪ್ರಾಂತೀಯ ಹೆದ್ದಾರಿ, ಜಿಲ್ಲಾ ರಸ್ತೆ, ಗ್ರಾಮ ರಸ್ತೆ ಎಂದು ವಿಂಗಡಿಸಿದರು. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ 1957ರ ಏಪ್ರಿಲ್ 15ರಿಂದ ಜಾರಿಗೆ ಬಂತು; ನಮ್ಮ ರಾಜ್ಯಕ್ಕೆ ತನ್ನದೇ ಹೆದ್ದಾರಿ ಕಾಯ್ದೆ ಒದಗಿದ್ದು 1964ರಲ್ಲಿ. ಕೇಂದ್ರದ ಮೊದಲ ಪಟ್ಟಿಯ 4, 7, 48ರಂಥ ಹೆದ್ದಾರಿಗಳು ಬೆಂಗಳೂರನ್ನು ಮುಟ್ಟಿದವು. ಅರಮನೆಯ ಊರಾದ ಮೈಸೂರು ಆ ಪಟ್ಟಿಯಲ್ಲಿ ಇರಲಿಲ್ಲ. ಕೋಳಿಕ್ಕೋಡು–ಕೊಳ್ಳೇಗಾಲ ಹೆದ್ದಾರಿ 212ರ ಮೂಲಕ ನಂಜನಗೂಡು, ಗುಂಡ್ಲುಪೇಟೆಗಳೊಂದಿಗೆ ಮೈಸೂರು ರಾಷ್ಟ್ರೀಯ ಜಾಲಕ್ಕೆ ಸೇರಿದ್ದು ಎಷ್ಟೋ ದಶಕಗಳ ಮೇಲೆ. ಅಲ್ಲಿಯವರೆಗೆ ಹುಣಸೂರು ಸೀಮೆಯ ಸಂಚಾರವೆಲ್ಲ ರಾಜ್ಯದ ರಸ್ತೆಗಳ ಮೇಲೆಯೇ ನಡೆಯಿತು.

ರಾಜ್ಯ ಹೆದ್ದಾರಿಗಳ ಸಂಖ್ಯೆಯಲ್ಲಿ ದಿಕ್ಕಿನ ಸೂತ್ರ ಹುಡುಕಿದರೆ ಸಿಗದು. ಒಂದನೆಯ ಸಂಖ್ಯೆ ಕರಾವಳಿಯ ಪಡುಬಿದ್ರಿಯಿಂದ ಹೊರಡುವ ರಸ್ತೆಗೆ ಬಿದ್ದಿದೆ. ಬೆಂಗಳೂರು–ಮೈಸೂರು–ನೀಲಗಿರಿಯ ಹಳೆಯ ರಾಜಮಾರ್ಗಕ್ಕೆ ಸಿಕ್ಕಿದ್ದು 17. (ಮೈಸೂರು ನಗರದೊಳಗೆ ಆ ರಸ್ತೆ ಇಂದಿಗೂ ಬಿ.ಎನ್. ರಸ್ತೆ. ಬೆಂಗಳೂರಿನ 'ಬಿ', ನೀಲಗಿರಿಯ 'ಎನ್' ಉಳಿದುಕೊಂಡಿವೆ, 17ನ್ನು ಮಾತ್ರ ಯಾರೂ ಕೇಳುವುದಿಲ್ಲ.) ಪಟ್ಟಿಯಲ್ಲಿ ಪ್ರತಿಯೊಂದು ಸಂಖ್ಯೆಗೂ ಎರಡು ಊರುಗಳ ಹೆಸರು ಅಂಟಿಕೊಂಡಿರುತ್ತದೆ: ಮೈಸೂರು–ಬಂಟ್ವಾಳ 88, ಹುಣಸೂರು–ತಲಕಾವೇರಿ 90, ರಾಮನಾಥಪುರ–ತೆರಕಣಾಂಬಿ 86. ಎಂಜಿನಿಯರು ಅಂದಾಜುಪಟ್ಟಿ ಬರೆಯುವಾಗ ಊರ ಜೋಡಿಯೇ ಮುಂದೆ, ಸಂಖ್ಯೆ ಅದರ ಬೆನ್ನಿಗೆ. ಕಿಲೋಮೀಟರು ಎಣಿಕೆ ಮೊದಲು ಹೇಳಿದ ಊರಿನಿಂದ ಸಾಗುತ್ತದೆ. ಹೀಗಾಗಿ ಪಟ್ಟಿಯನ್ನು ಓದಿದರೆ ಇಲಾಖೆ ಯಾವ ಊರನ್ನು ಆರಂಭವೆಂದು ಎಣಿಸಿತು, ಎಲ್ಲಿಯವರೆಗೆ ದೃಷ್ಟಿ ಚಾಚಿತು ಎಂಬುದು ತಿಳಿಯುತ್ತದೆ.

88ರ ಮಹತ್ವ ಇಲ್ಲೇ ಇದೆ. 1956ರ ನವೆಂಬರ್ 1ಕ್ಕೆ ಮುಂಚೆ ಈ ದಾರಿಗೆ ಮೂವರು ಒಡೆಯರು. ಮೈಸೂರಿನಿಂದ ಕಾವೇರಿಯ ದಡದವರೆಗೆ ಮೈಸೂರು ಸಂಸ್ಥಾನ, ಅಲ್ಲಿಂದ ಸಂಪಾಜೆ ಘಾಟಿಯವರೆಗೆ ಕೊಡಗು ಪ್ರಾಂತ, ಘಾಟಿ ಇಳಿದ ಮೇಲೆ ಮದರಾಸಿಗೆ ಸೇರಿದ ದಕ್ಷಿಣ ಕನ್ನಡ. ಕುಶಾಲನಗರ ಆಗ ಫ್ರೇಸರ್‌ಪೇಟೆಯಾಗಿತ್ತು, ಅದರ ಪಕ್ಕದ ಹೊಳೆಯೇ ಪ್ರಾಂತದ ಗಡಿ. ಮೂರು ಖಜಾನೆಗಳ ಹಣದಲ್ಲಿ ಜಲ್ಲಿ ಕಂಡ ದಾರಿಗೆ ಮೈಸೂರಿನಿಂದ ಬಂಟ್ವಾಳದವರೆಗೆ ಒಂದೇ ಹೆಸರು, ಒಂದೇ ಸಂಖ್ಯೆ ಕೊಡುವುದು ಏಕೀಕರಣದ ಮೇಲೆ ಮಾತ್ರ ಸಾಧ್ಯವಿತ್ತು. 90ಕ್ಕೂ ಈ ಮಾತು ಸಲ್ಲುತ್ತದೆ. ಹಳೆಯ ಮೈಸೂರಿನ ಹುಣಸೂರಿನಲ್ಲಿ ಹುಟ್ಟಿ, ಪಂಚವಳ್ಳಿ, ಆನೆಚೌಕೂರಿನ ಕಾಡು ದಾಟಿ, ಗೋಣಿಕೊಪ್ಪ, ವಿರಾಜಪೇಟೆಗಳ ಮೂಲಕ ತಲಕಾವೇರಿಗೆ ಏರುವ ಈ ರಸ್ತೆ ಎರಡು ಆಡಳಿತಗಳ ಹೊಲಿಗೆಯಂತಿದೆ. ಏಕೀಕರಣದ ಚರಿತ್ರೆ ಬರೆದವರು ಭಾಷೆ, ಸಾಹಿತ್ಯ, ಚಳವಳಿಗಳನ್ನು ಹೇರಳವಾಗಿ ನೋಡಿದ್ದಾರೆ. ಲೋಕೋಪಯೋಗಿ ಇಲಾಖೆಯ ರಸ್ತೆಪಟ್ಟಿಯನ್ನು ಅಷ್ಟು ಆಸ್ಥೆಯಿಂದ ನೋಡಿದಂತಿಲ್ಲ.

2010ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹೆದ್ದಾರಿಗಳ ಸಂಖ್ಯೆಗಳನ್ನು ಬುಡದಿಂದ ಬದಲಿಸಿತು. ಮೂಡಣ–ಪಡುವಣ ಸಾಗುವ ಹೆದ್ದಾರಿಗಳಿಗೆ ಬೆಸ ಸಂಖ್ಯೆ, ಬಡಗಿನಿಂದ ತೆಂಕಿಗೆ ಬಂದಂತೆ ಅದು ಏರಬೇಕು. ಬಡಗು–ತೆಂಕಿನವಕ್ಕೆ ಸರಿ ಸಂಖ್ಯೆ, ಮೂಡಣದಿಂದ ಪಡುವಣಕ್ಕೆ ಏರಬೇಕು. ಮೂರಂಕಿಯ ಸಂಖ್ಯೆ ಕವಲಿನ ಗುರುತು: ಕೊನೆಯ ಎರಡು ಅಂಕಿ ತಾಯಿ ಹೆದ್ದಾರಿಯದು, ಮೊದಲ ಅಂಕಿ ಅದು ಎಷ್ಟನೆಯ ಕವಲು ಎಂಬುದಕ್ಕೆ. ಬೆಂಗಳೂರು–ಮಂಗಳೂರಿನ 48 ಹೀಗೆ 75 ಆಯಿತು, 7 ಹೋಗಿ 44 ಬಂತು, ಗುಂಡ್ಲುಪೇಟೆಯ 212 ಕರಾವಳಿಯ 66ರ ಕವಲಾಗಿ 766 ಎನಿಸಿತು. ಗೊಂದಲಕ್ಕೆ ಇನ್ನೊಂದು ಸುತ್ತು ಸೇರಿತು: ತುಮಕೂರು, ಚಿತ್ರದುರ್ಗದ ಹಳೆಯ 4ಕ್ಕೆ ಈಗ 48 ಎಂಬ ಸಂಖ್ಯೆ. ಹಳೆಯ ವರದಿಯಲ್ಲಿ '48' ಎಂದು ಕಂಡರೆ ಸಂಶೋಧಕ ಮೊದಲು ಇಸವಿ ನೋಡಬೇಕು.

ಈ ಸೂತ್ರದಡಿ ಮೈಸೂರು–ಬಂಟ್ವಾಳ ರಸ್ತೆಯೂ ಬೆಂಗಳೂರು–ಮೈಸೂರು ರಸ್ತೆಯೂ ಒಂದಾಗಿ 275 ಎನಿಸಿಕೊಂಡವು. ಅಂದರೆ ಬಂಟ್ವಾಳ ತಾಲ್ಲೂಕಿನ ಮಾಣಿಯಲ್ಲಿ 75ನ್ನು ಬಿಟ್ಟು, ಮಡಿಕೇರಿ, ಹುಣಸೂರು, ಮೈಸೂರು ಸುತ್ತಿ ಬೆಂಗಳೂರು ಸೇರುವ ಕವಲು. 88ರ ಲೆಕ್ಕದಲ್ಲಿ ಮೈಸೂರು ಆರಂಭ, ಬಂಟ್ವಾಳ ಅಂತ್ಯ. 275ರ ವಿವರಣೆ ಬಂಟ್ವಾಳದ ಕಡೆಯಿಂದ ಶುರುವಾಗುತ್ತದೆ, ಮೈಸೂರು ನಡುವಿನ ಒಂದು ಊರು. ಹುಣಸೂರಿನ ಜನ ಬಸ್ಸು ಹತ್ತುವುದು ಮೈಸೂರಿಗೆ. ಸಂಖ್ಯೆ ಮಾತ್ರ ಅವರು ಎಂದೂ ಕಾಣದ ಹಾಸನ–ಸಕಲೇಶಪುರದ ದಾರಿಯಿಂದ ಬಂದದ್ದು.

ಬಿಳಿಕೆರೆಯಲ್ಲಿ ಈ ಸೂತ್ರ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಬಲಕ್ಕೆ ತಿರುಗಿದರೆ ಕೃಷ್ಣರಾಜನಗರ, ಹೊಳೆನರಸೀಪುರ, ಹಾಸನದ ದಾರಿ. ಅದೀಗ 373, ಬೇಲೂರಿನ ಬಳಿ ಹಾಯುವ 73ರ ಕವಲು. ಹಿಂದೆ ಎಡತೊರೆ ಎನಿಸಿದ್ದ ಕೃಷ್ಣರಾಜನಗರ ಮೈಸೂರು–ಅರಸೀಕೆರೆ ರೈಲಿನ ಮೇಲಿರುವ ಊರು. ರೈಲು ಕಾಣದ ಹುಣಸೂರು, ಪಿರಿಯಾಪಟ್ಟಣಗಳಿಗೆ ರಸ್ತೆಯೇ ಗತಿ. ಆದರೂ ಎರಡು ಕಡೆಗೂ ಒಂದೇ ದರ್ಜೆ ಒಲಿಯಿತು. ದರ್ಜೆ ಬದಲಾದಾಗ ಮೈಲಿಗಲ್ಲಿನ ತಲೆಯೂ ಬದಲಾಗುತ್ತದೆ: ರಾಜ್ಯ ಹೆದ್ದಾರಿಗೆ ಹಸಿರು, ರಾಷ್ಟ್ರೀಯ ಹೆದ್ದಾರಿಗೆ ಹಳದಿ. ಓದು ಬಾರದ ಗಾಡಿಯವನಿಗೂ ಈ ಬಣ್ಣ ತಿಳಿಯುತ್ತದೆ.

ಹೆಗ್ಗಡದೇವನಕೋಟೆ ಈ ಕಥೆಯಲ್ಲಿ ಬೇರೆಯಾಗಿ ನಿಲ್ಲುತ್ತದೆ. ಮೈಸೂರು–ಮಾನಂದವಾಡಿ ರಸ್ತೆ ಹ್ಯಾಂಡ್‌ಪೋಸ್ಟ್, ಅಂತರಸಂತೆ ಹಾದು ನಾಗರಹೊಳೆ ಕಾಡಿನ ಮೂಲಕ ಬಾವಲಿಯಲ್ಲಿ ಕೇರಳ ಸೇರುತ್ತದೆ. ಕಾಡಿನ ಭಾಗದಲ್ಲಿ ರಾತ್ರಿ ಸಂಚಾರ ನಿಷೇಧವಿದೆ. ಬಂಡೀಪುರದ 766ರಲ್ಲಿಯೂ ರಾತ್ರಿ ನಿಷೇಧ ಬಂದ ಮೇಲೆ ಹುಣಸೂರು–ಗೋಣಿಕೊಪ್ಪ–ಕುಟ್ಟ ದಾರಿಯನ್ನು ಪರ್ಯಾಯವೆಂದು ಕರ್ನಾಟಕ ಮುಂದಿಟ್ಟಿತು. ಹಾಗೆ 90ರ ಒಂದು ತುಂಡು ಸಂಖ್ಯೆ ಬದಲಾಗದೆಯೇ ಅಂತರರಾಜ್ಯ ಹೊಣೆ ಹೊತ್ತಿತು. ದರ್ಜೆಗೂ ಬಳಕೆಗೂ ಇರುವ ಅಂತರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಈ ಸೀಮೆಯಲ್ಲಿಲ್ಲ.

ಸಂಖ್ಯೆ ಬದಲಾದರೆ ರೈತನಿಗೇನು ಎಂದು ಕೇಳುವವರಿದ್ದಾರೆ. ಕ್ರಯಪತ್ರದ ಚಕ್ಕುಬಂದಿಯಲ್ಲಿ ಜಮೀನಿನ ಒಂದು ಮಗ್ಗುಲಿಗೆ 'ಮೈಸೂರು–ಹುಣಸೂರು ರಸ್ತೆ' ಎಂದಿರುತ್ತದೆ. ಭೂಸ್ವಾಧೀನದ ಅಧಿಸೂಚನೆಯಲ್ಲಿ 'ರಾಹೆ 275' ಎಂದಿರುತ್ತದೆ. ರಾಷ್ಟ್ರೀಯ ಹೆದ್ದಾರಿಯಾದರೆ ಸ್ವಾಧೀನ ನಡೆಯುವುದು 1956ರ ಕಾಯ್ದೆಯ 3ಎ, 3ಡಿ ಕಲಮುಗಳಡಿ, ಕೇಂದ್ರದ ಅಧಿಕಾರದಿಂದ. ರಾಜ್ಯ ಹೆದ್ದಾರಿಗೆ ಬೇರೆಯದೇ ವಿಧಾನ. 2023ರ ಮಾರ್ಚ್ 12ರಂದು ಶಂಕುಸ್ಥಾಪನೆಯಾದ 92 ಕಿಲೋಮೀಟರಿನ ಮೈಸೂರು–ಕುಶಾಲನಗರ ನಾಲ್ಕು ಪಥದ ಯೋಜನೆ ಹೊಗೆಸೊಪ್ಪು ಬೆಳೆಯುವ ಈ ಹೊಲಗಳಿಗೇ ಸಂಬಂಧಪಟ್ಟದ್ದು.

ಆದ್ದರಿಂದ ಲೋಕೋಪಯೋಗಿ ಇಲಾಖೆ ಒಂದು ಕೆಲಸ ಮಾಡಬೇಕು. ರಾಷ್ಟ್ರೀಯ ದರ್ಜೆಗೆ ಏರಿದ ಪ್ರತಿಯೊಂದು ರಾಜ್ಯ ಹೆದ್ದಾರಿಯ ಹಳೆಯ ಸಂಖ್ಯೆ, ಊರ ಜೋಡಿ, ಹೊಸ ಸಂಖ್ಯೆ, ಅಧಿಸೂಚನೆಯ ತಾರೀಖುಗಳನ್ನು ಒಂದೇ ಪಟ್ಟಿಯಲ್ಲಿ ಕನ್ನಡದಲ್ಲಿ ಪ್ರಕಟಿಸಿ, ತಾಲ್ಲೂಕು ಕಚೇರಿಗಳಲ್ಲೂ ಉಪನೋಂದಣಿ ಕಚೇರಿಗಳಲ್ಲೂ ಇಡಬೇಕು. ಹುಣಸೂರು ಉಪವಿಭಾಗದಿಂದಲೇ ಶುರು ಮಾಡಿದರೂ ಆದೀತು.