ಬೆದರುಬೆಕ್ಕು: ಒಗ್ಗುವಿಕೆ ಮತ್ತು ಆಶ್ರಯ

ಮನುಷ್ಯರ ಕೈ ಸೋಕದೆ ಬೆಳೆದು, ಅವರ ಸುಳಿವು ಸಿಕ್ಕೊಡನೆ ಮರೆಯಾಗುವ ಸಾಕುಜಾತಿಯ ಬೆಕ್ಕನ್ನು ಇಲ್ಲಿ ಬೆದರುಬೆಕ್ಕು ಎಂದು ಕರೆಯಲಾಗಿದೆ. ಪಶುವೈದ್ಯರೂ ಪ್ರಾಣಿರಕ್ಷಣೆಯ ಕಾರ್ಯಕರ್ತರೂ ಬಳಸುವ ಹೆಸರು ಫೆರಲ್ ಬೆಕ್ಕು. ಇದು ಬೇರೆ ಪ್ರಭೇದವೇನಲ್ಲ. ಒಲೆಯ ಬುಡದಲ್ಲಿ ಮೈಕಾಯಿಸುವ ಬೆಕ್ಕೂ ಮೀನು ಮಾರುಕಟ್ಟೆಯ ಹಿಂಬದಿಯಲ್ಲಿ ಕತ್ತಲಾಗುವುದನ್ನೇ ಕಾಯುವ ಬೆಕ್ಕೂ ಒಂದೇ ಫೆಲಿಸ್ ಕ್ಯಾಟಸ್. ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ಮನುಷ್ಯರ ಒಡನಾಟ ಸಿಕ್ಕಿತೋ ಇಲ್ಲವೋ ಎಂಬುದರಲ್ಲಿ ಎರಡರ ದಾರಿ ಕವಲೊಡೆಯುತ್ತದೆ.

ಮನೆಯಲ್ಲಿ ಬೆಳೆದು ಬೀದಿಪಾಲಾದ ಬೆಕ್ಕೂ ಮೊದಮೊದಲು ಹೆದರುತ್ತದೆ. ಆದರೆ ಅದಕ್ಕೆ ಮನುಷ್ಯರ ನೆನಪಿದೆ. ಕೆಲವು ದಿನ ಹೊಟ್ಟೆ ತುಂಬಿದ ಮೇಲೆ ಬಾಲವನ್ನು ನೆಟ್ಟಗೆತ್ತಿ ಹತ್ತಿರ ಬರಬಹುದು, ಮುಖ ನೋಡಿ ಕೂಗಬಹುದು. ದೊಡ್ಡ ಬೆಕ್ಕುಗಳು 'ಮಿಯಾಂವ್' ಎನ್ನುವುದು ಬಹುಪಾಲು ಮನುಷ್ಯರನ್ನು ಕುರಿತೇ. ತಮ್ಮತಮ್ಮಲ್ಲಿ ಅವು ಆ ದನಿಯನ್ನು ಬಳಸುವುದು ಅಪರೂಪ. ಬೆದರುಬೆಕ್ಕು ಸಾಮಾನ್ಯವಾಗಿ ಮೌನಿ. ಈ ಎರಡನ್ನು ಬೇರ್ಪಡಿಸದೆ ಹೇಳುವ ಸಲಹೆಗಳಿಂದ ಬೆಕ್ಕಿಗೂ ಮನೆಯವರಿಗೂ ಕಷ್ಟ.

ಹಿನ್ನೆಲೆ

ಸಾಕುಬೆಕ್ಕಿನ ಪೂರ್ವಜ ಫೆಲಿಸ್ ಲಿಬಿಕಾ ಎಂಬ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕು. ಸೈಪ್ರಸ್ ದ್ವೀಪದ ಶಿಲ್ಲೂರೊಕಾಂಬೋಸ್‌ನಲ್ಲಿ ಸುಮಾರು 9,500 ವರ್ಷ ಹಿಂದಿನ ಮನುಷ್ಯನ ಸಮಾಧಿಯೊಂದರ ಪಕ್ಕದಲ್ಲೇ ಬೆಕ್ಕನ್ನು ಹೂತಿದ್ದನ್ನು ಫ್ರಾನ್ಸಿನ ಪುರಾತತ್ತ್ವಜ್ಞ ಝಾಂ-ಡೆನಿ ವೀನ್ಯ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದರು. ಪಳಗುವಿಕೆ ಎಲ್ಲಿ, ಎಷ್ಟು ಸಲ ನಡೆಯಿತೆಂಬ ಚರ್ಚೆ ಇನ್ನೂ ಮುಗಿದಿಲ್ಲ. 2014ರಲ್ಲಿ ಪ್ರಕಟವಾದ ಬೆಕ್ಕಿನ ಜೀನೋಮ್ ಅಧ್ಯಯನ ಕಾಡುಬೆಕ್ಕಿಗೂ ಸಾಕುಬೆಕ್ಕಿಗೂ ನಡುವಿನ ಕೆಲವು ವ್ಯತ್ಯಾಸಗಳನ್ನು ಭಯದ ಕಲಿಕೆಗೆ ಮತ್ತು ಪ್ರತಿಫಲದ ಆಸೆಗೆ ಸಂಬಂಧಿಸಿದ ಜೀನ್‌ಗಳ ಬಳಿ ಗುರುತಿಸಿತು. ಅಂದರೆ ಸಾಕುಬೆಕ್ಕಿಗೆ ವಂಶದಿಂದ ಬರುವುದು ಒಗ್ಗುವ ಸಾಮರ್ಥ್ಯವೇ ಹೊರತು ಒಗ್ಗಿದ ಸ್ವಭಾವವಲ್ಲ. ಒಗ್ಗುವ ಕೆಲಸ ಪ್ರತಿ ತಲೆಮಾರಿನಲ್ಲೂ ಹೊಸದಾಗಿ ನಡೆಯಬೇಕು.

ಎಳವೆಯ ಐದು ವಾರ

ಈ ವಿಷಯದಲ್ಲಿ ಇಂದಿಗೂ ಆಧಾರವಾಗಿರುವುದು ಅಮೆರಿಕದ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಐಲೀನ್ ಕಾರ್ಶ್ 1980ರ ದಶಕದಲ್ಲಿ ಪ್ರಕಟಿಸಿದ ಪ್ರಯೋಗಗಳು. ಅವರು ಮರಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪನ್ನು 3ನೇ ವಾರದಿಂದಲೇ ದಿನವೂ ಕೈಗೆತ್ತಿಕೊಂಡು ಆಡಿಸಲಾಯಿತು. ಇನ್ನೊಂದನ್ನು 7ನೇ ವಾರದ ಬಳಿಕ. ಮೂರನೆಯದನ್ನು ಹಾಗೆ ಆಡಿಸಲೇ ಇಲ್ಲ. ಅನಂತರದ ಪರೀಕ್ಷೆ ತೀರ ಸರಳ: ಮರಿ ಮನುಷ್ಯನ ಬಳಿಗೆ ಬರಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ, ತೊಡೆಯ ಮೇಲೆ ಇಟ್ಟರೆ ಎಷ್ಟು ಹೊತ್ತು ಕೂರುತ್ತದೆ?

ಬೇಗ ಕೈಗೆ ಬಂದ ಮರಿಗಳು ಹೆಚ್ಚು ಹೊತ್ತು ಕುಳಿತವು. 7ನೇ ವಾರದ ಬಳಿಕ ಕೈಗೆ ಬಂದವು, ಅಷ್ಟೆಲ್ಲ ಆರೈಕೆಯ ನಂತರವೂ, ಯಾರೂ ಮುಟ್ಟದೆ ಬೆಳೆದ ಮರಿಗಳಿಗೇ ಹತ್ತಿರವಾಗಿದ್ದವು. ದಿನಕ್ಕೆ 15 ನಿಮಿಷಕ್ಕಿಂತ 40 ನಿಮಿಷ ಆಡಿಸಿದಾಗ ಫಲ ಹೆಚ್ಚು ಎಂಬುದೂ ಕಂಡುಬಂತು. ಹೀಗೆ 2ರಿಂದ 7ನೇ ವಾರದವರೆಗಿನ ಅವಧಿ ಮರಿಬೆಕ್ಕು ಮನುಷ್ಯರನ್ನು 'ನಮ್ಮವರು' ಎಂದು ಬಗೆಯುವ ಕಾಲವೆಂದು ನಿಂತಿತು. 7ನೇ ವಾರದ ಮರುದಿನವೇ ಬಾಗಿಲು ಮುಚ್ಚುತ್ತದೆ ಎಂದು ಇದನ್ನು ಓದಬಾರದು. ಗಡಿ ಮಸುಕಾಗಿದೆ, ಮರಿಯಿಂದ ಮರಿಗೆ ಸರಿದಾಡುತ್ತದೆ.

ಏಕೆ ಸರಿದಾಡುತ್ತದೆ ಎಂಬುದಕ್ಕೆ ಒಂದು ಉತ್ತರ 1995ರಲ್ಲಿ ಬಂತು. ಸ್ಯಾಂಡ್ರಾ ಮೆಕ್ಯೂನ್ ಸ್ನೇಹಶೀಲ ಗಂಡುಬೆಕ್ಕುಗಳ ಮರಿಗಳನ್ನು ಬಿಗುಮಾನದ ಗಂಡುಬೆಕ್ಕುಗಳ ಮರಿಗಳೊಡನೆ ಹೋಲಿಸಿದರು. ಎರಡೂ ಬಗೆಯಲ್ಲಿ ಕೆಲವಕ್ಕೆ ಎಳವೆಯಲ್ಲಿ ಮನುಷ್ಯರ ಒಡನಾಟವಿತ್ತು, ಕೆಲವಕ್ಕೆ ಇರಲಿಲ್ಲ. ಮರಿಗಳನ್ನು ಸಾಕುವುದರಲ್ಲಿ ತಂದೆಗಳ ಪಾತ್ರವಿರಲಿಲ್ಲ. ಆದರೂ ವರ್ಷ ತುಂಬಿದಾಗ ಪರೀಕ್ಷಿಸಿದರೆ ಸ್ನೇಹಶೀಲ ತಂದೆಯ ಮರಿಗಳು ಅಪರಿಚಿತರ ಮುಂದೆ ಹೆಚ್ಚು ಧೈರ್ಯದಿಂದಿದ್ದವು. ಎಂದೂ ನೋಡದ ವಸ್ತುವೊಂದನ್ನು ಮುಂದಿಟ್ಟಾಗಲೂ ಅವೇ ಮೊದಲು ಮೂಸಿದವು. ಎಳವೆಯ ಒಡನಾಟದ ಪರಿಣಾಮ ಮಾತ್ರ ಮನುಷ್ಯರ ವಿಷಯದಲ್ಲಿ ಕಂಡಿತು, ವಸ್ತುವಿನ ವಿಷಯದಲ್ಲಿ ಕಾಣಲಿಲ್ಲ. ಹಾಗಾಗಿ ತಂದೆಯಿಂದ ಬರುವುದು ಪ್ರೀತಿಯಲ್ಲ, ಎದೆಗಾರಿಕೆ ಎಂದು ಅರ್ಥೈಸುವುದು ಸೂಕ್ತ. ಒಂದೇ ಸೂಲಿನ ಮರಿಗಳಿಗೂ ಬೇರೆಬೇರೆ ತಂದೆಯರಿರಬಹುದು. ಒಂದು ಮರಿ ವಾರದಲ್ಲಿ ಒಗ್ಗಿ ಒಡಹುಟ್ಟು ತಿಂಗಳಾದರೂ ಮೂಲೆ ಬಿಡದಿದ್ದರೆ ಅದು ಸಾಕುವವರ ತಪ್ಪಾಗಿರಬೇಕಿಲ್ಲ.

ತೊಡಕೊಂದಿದೆ: ಈ ಐದು ವಾರಗಳ ಬಹುಭಾಗ ಮರಿಗೆ ತಾಯಿಯ ಹಾಲು ಬೇಕು. ತಾಯಿಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂಬ ನಮ್ಮ ಹಳ್ಳಿಯ ಮಾತಿನಲ್ಲಿ ಗಮನಿಸಬೇಕಾದ ಸಂಗತಿಯಿದೆ. ಗೂಡಿನ ಬಳಿ ಕೈಯಾಡಿಸಿದರೆ ಅದು ಮರಿಗಳನ್ನು ಹೊತ್ತು ಬೇರೆ ಕಡೆ ಹೋಗುತ್ತದೆ. ಒಂಟಿಯಾಗಿ ಕಂಡ ಮರಿಯ ತಾಯಿ ಬೇಟೆಗೆ ಹೋಗಿರುವ ಸಂಭವವೇ ಹೆಚ್ಚು, ದೂರ ನಿಂತು ಕೆಲವು ಗಂಟೆ ಕಾಯುವುದು ಒಳ್ಳೆಯದು. ತಾಯಿ–ಮರಿಗಳನ್ನು ಒಟ್ಟಿಗೆ ಒಂದು ಕೋಣೆಗೆ ತರಲು ಸಾಧ್ಯವಾದರೆ ಅದೇ ಉತ್ತಮ.

ದೊಡ್ಡ ಬೆಕ್ಕನ್ನು ಒಗ್ಗಿಸುವ ಕ್ರಮ

ದೊಡ್ಡ ಬೆದರುಬೆಕ್ಕಿನ ವಿಷಯದಲ್ಲಿ ಒಂದೇ ಸೂತ್ರ ಕೊನೆಯವರೆಗೆ ನಡೆಯುತ್ತದೆ: ನಡುವಿನ ಅಂತರ ಎಷ್ಟಿರಬೇಕೆಂದು ಬೆಕ್ಕೇ ತೀರ್ಮಾನಿಸಬೇಕು. ಮೊದಲ ಹಂತ ಹೊತ್ತಿನ ಶಿಸ್ತು. ದಿನವೂ ಅದೇ ವೇಳೆ, ಅದೇ ಜಾಗ, ಅದೇ ದನಿ. ತಟ್ಟೆಯಿಟ್ಟು ದೂರ ಸರಿಯಬೇಕು, ದಿನ ಕಳೆದಂತೆ ಸರಿಯುವ ದೂರವನ್ನು ಒಂದೊಂದು ಗೇಣು ಕಡಿಮೆ ಮಾಡಬೇಕು. ಬೆಕ್ಕು ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿದರೆ ಆ ದಿನದ ಗಡಿ ಅದೇ.

ಎದ್ದು ನಿಂತವರಿಗಿಂತ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತವರು ಬೆಕ್ಕಿಗೆ ಕಡಿಮೆ ಭಯಂಕರ. ಪಕ್ಕಕ್ಕೆ ತಿರುಗಿ ಕೂರಬೇಕು, ದಿಟ್ಟಿಸಿ ನೋಡಬಾರದು. ಕಣ್ಣು ಕಿರಿದು ಮಾಡಿ ನಿಧಾನವಾಗಿ ರೆಪ್ಪೆ ಮುಚ್ಚಿ ತೆರೆಯುವ ರೂಢಿ ಬೆಕ್ಕು ಸಾಕುವವರಲ್ಲಿ ಹಳೆಯದು. ಇಂಗ್ಲೆಂಡಿನ ಸಸೆಕ್ಸ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯಗಳ ತಂಡ 2020ರಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿತು. ಅಪರಿಚಿತರು ಹೀಗೆ ಕಣ್ಣು ಮಿಟುಕಿಸಿ ಕೈ ಚಾಚಿದಾಗ, ನಿರ್ಭಾವದಿಂದ ಕುಳಿತಿದ್ದಾಗಿನದಕ್ಕಿಂತ ಬೆಕ್ಕುಗಳು ಹತ್ತಿರ ಬರುವ ಸಂಭವ ಹೆಚ್ಚಿತ್ತು. ಆ ಬೆಕ್ಕುಗಳೆಲ್ಲ ಮನೆಯವು, ಬೆದರುಬೆಕ್ಕಿಗೂ ಇದು ಪೂರ್ತಿ ಅನ್ವಯಿಸುತ್ತದೆಂದು ಹೇಳುವಾಗ ಎಚ್ಚರ ಬೇಕು.

ಮನೆಯೊಳಕ್ಕೆ ತಂದ ಬೆಕ್ಕಿಗೆ ಮೊದಲು ಬೇಕಾದದ್ದು ಅಡಗುತಾಣ. ನೆದರ್ಲೆಂಡ್ಸಿನ ಆಶ್ರಯತಾಣವೊಂದರಲ್ಲಿ 19 ಬೆಕ್ಕುಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅವಿತುಕೊಳ್ಳಲು ಪೆಟ್ಟಿಗೆ ಸಿಕ್ಕ ಬೆಕ್ಕುಗಳ ಒತ್ತಡ ಬೇಗ ಇಳಿಯಿತು. ಸಣ್ಣ ಕೋಣೆ, ಮಗ್ಗುಲು ಮಲಗಿಸಿ ಬಟ್ಟೆ ಹೊದಿಸಿದ ರಟ್ಟಿನ ಡಬ್ಬ, ಒಂದು ಮೂಲೆಗೆ ಮರಳಿನ ತಟ್ಟೆ, ಇನ್ನೊಂದು ಮೂಲೆಗೆ ನೀರು ಮತ್ತು ಆಹಾರ ಇದ್ದರೆ ಸಾಕು. ಇಡೀ ಮನೆಯನ್ನು ಒಮ್ಮೆಗೇ ಬಿಟ್ಟುಕೊಟ್ಟರೆ ಬೆಕ್ಕು ಅಟ್ಟದ ಮೇಲೆಯೋ ಮಂಚದ ಕೆಳಗೋ ವಾರಗಟ್ಟಲೆ ಉಳಿದುಬಿಡಬಹುದು.

ಮೊದಲ ಸ್ಪರ್ಶ ಉದ್ದ ಹಿಡಿಯ ಚಮಚದಿಂದ ಆರಂಭವಾಗುವುದು ಕ್ಷೇಮ: ಬೇಯಿಸಿದ ಕೋಳಿಮಾಂಸದ ಎಳೆ ಚಮಚದ ತುದಿಯಲ್ಲಿ, ಅನಂತರ ಬೆರಳ ತುದಿಯಲ್ಲಿ. ಸವರುವುದಾದರೆ ಗಲ್ಲ ಅಥವಾ ಕಣ್ಣು–ಕಿವಿಗಳ ನಡುವಿನ ಭಾಗ. ಬಾಲದ ಬುಡವನ್ನು ಮುಟ್ಟಿದಾಗ ಬೆಕ್ಕುಗಳು ಹೆಚ್ಚು ಸಿಡಿಮಿಡಿಗೊಳ್ಳುವುದನ್ನು ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ 2015ರ ಅಧ್ಯಯನ ದಾಖಲಿಸಿದೆ. ಎರಡು ಮೂರು ಸಲ ಸವರಿ ಕೈ ಹಿಂದೆಗೆಯಬೇಕು, ಇನ್ನೂ ಬೇಕಿದ್ದರೆ ಬೆಕ್ಕೇ ತಲೆ ಒಡ್ಡುತ್ತದೆ. ಎತ್ತಿಕೊಳ್ಳುವ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಶ್ರೀವೈಷ್ಣವರ ಮಾರ್ಜಾಲಕಿಶೋರ ನ್ಯಾಯದಲ್ಲಿ ತಾಯಿ ಕಚ್ಚಿ ಹೊತ್ತೊಯ್ಯುವ ಮರಿ ಪೂರ್ಣ ಶರಣಾಗತಿಯ ದೃಷ್ಟಾಂತ. ಅದು ಎಳೆಮರಿಗೆ ಸಲ್ಲುವ ಮಾತು. ದೊಡ್ಡ ಬೆಕ್ಕಿನ ಕುತ್ತಿಗೆಯ ಚರ್ಮ ಹಿಡಿದೆತ್ತಿದರೆ ಅದಕ್ಕೆ ಆಗುವುದು ದಿಗಿಲು ಮಾತ್ರ, ವಾರಗಳ ಗಳಿಕೆ ಆ ಒಂದು ಗಳಿಗೆಯಲ್ಲಿ ಹೋಗುತ್ತದೆ.

ಹೀಗೆ ಒಗ್ಗಿದ ಬೆಕ್ಕು ಸಾಮಾನ್ಯವಾಗಿ ಒಬ್ಬಿಬ್ಬರಿಗೆ ಮಾತ್ರ ಒಗ್ಗುತ್ತದೆ. ಅತಿಥಿ ಬಂದರೆ ಮತ್ತೆ ಅಡಗುತ್ತದೆ.

ಆಹಾರ ಮತ್ತು ಆರೋಗ್ಯ

ಕರ್ನಾಟಕದ ಅನೇಕ ಮನೆಗಳಲ್ಲಿ ಬೆಕ್ಕಿಗೆ ಸಲ್ಲುವುದು ಹಾಲನ್ನ, ಮೊಸರನ್ನ. ಬೆಕ್ಕಿಗೆ ಬೇಕಾದಷ್ಟು ಟಾರಿನ್ ಅದರಲ್ಲಿಲ್ಲ. ಈ ಪೋಷಕಾಂಶ ಪ್ರಾಣಿಜನ್ಯ ಅಂಗಾಂಶದಲ್ಲಿ ದೊರೆಯುತ್ತದೆ, ಇದರ ಕೊರತೆಯಿಂದ ದೃಷ್ಟಿ ಹೋಗುವುದು 1970ರ ದಶಕದಲ್ಲೂ ಹೃದಯದ ಸ್ನಾಯು ದುರ್ಬಲವಾಗುವುದು 1987ರಲ್ಲೂ ಬೆಳಕಿಗೆ ಬಂದವು. ಇಲಿ ಹಿಡಿಯುವ ಬೀದಿಬೆಕ್ಕಿಗೆ ಅದು ಬೇಟೆಯಿಂದ ಸಿಗುತ್ತಿತ್ತು. ಒಳಗೆ ತಂದು ಅನ್ನ–ಹಾಲಿನಲ್ಲೇ ಇಟ್ಟರೆ ಸಿಗುವುದಿಲ್ಲ. ಹಸುವಿನ ಹಾಲು ಅನೇಕ ಬೆಕ್ಕುಗಳಿಗೆ ಭೇದಿ ತರುತ್ತದೆ.

ಪರಚಿದರೆ ಅಥವಾ ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಅಂದೇ ವೈದ್ಯರ ಬಳಿ ಹೋಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ರಕ್ತ ಬಾರದ ಸಣ್ಣ ಗೀರಿಗೂ ರೇಬೀಸ್ ಲಸಿಕೆ ಬೇಕು, ಚರ್ಮ ಸೀಳಿದ್ದರೆ ಇಮ್ಯುನೋಗ್ಲಾಬ್ಯುಲಿನ್ ಕೂಡ. ಮನೆಯಲ್ಲಿ ಬೇರೆ ಬೆಕ್ಕುಗಳಿದ್ದರೆ ಹೊಸದನ್ನು ಪರೀಕ್ಷೆ ಮತ್ತು ಲಸಿಕೆ ಮುಗಿಯುವವರೆಗೆ ಬೇರೆ ಇಡಬೇಕು.

ಕಬ್ಬಿನ ಗದ್ದೆಯ ಮರಿಗಳು

ಕಬ್ಬು ಕಡಿಯುವಾಗ ಸಿಗುವ ಮರಿಗಳು ಬೆದರುಬೆಕ್ಕಿನವೇ ಎಂದು ಭಾವಿಸಬಾರದು. ಫೆಲಿಸ್ ಚೌಸ್ ಎಂಬ ನಿಜವಾದ ಕಾಡುಬೆಕ್ಕು ಹೊಲಗದ್ದೆಗಳ ಪೊದೆಗಳಲ್ಲೂ ಮರಿ ಹಾಕುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಇವನ್ನು ಸಾಕುವಂತಿಲ್ಲ. ಸಿಕ್ಕ ಜಾಗದಲ್ಲೇ ಬಿಟ್ಟು ಅರಣ್ಯ ಇಲಾಖೆಗೆ ತಿಳಿಸಿದರೆ ತಾಯಿ ಮರಳಿ ಒಯ್ಯುವ ಅವಕಾಶವಿದೆ.

ಮನೆಗೆ ಬಾರದ ಬೆಕ್ಕು

ತಿಂಗಳುಗಳು ಕಳೆದರೂ ಸರಿಯಾಗಿ ಉಣ್ಣದೆ, ಮೈ ನೆಕ್ಕಿಕೊಳ್ಳದೆ ಮೂಲೆಯಲ್ಲೇ ಮುದುರುವ ಬೆಕ್ಕಿಗೆ ನಾಲ್ಕು ಗೋಡೆ ಆಶ್ರಯವಲ್ಲ. ಅದನ್ನು ಬೋನಿನಲ್ಲಿ ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿ, ಗುರುತಿಗಾಗಿ ಕಿವಿಯ ತುದಿ ಕತ್ತರಿಸಿ ಹಿಡಿದ ಜಾಗದಲ್ಲೇ ಬಿಡುವ ಪದ್ಧತಿ ಅನೇಕ ದೇಶಗಳಲ್ಲಿದೆ. ಭಾರತದ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ನಾಯಿಗಳ ಜೊತೆಗೆ ಬೀದಿಬೆಕ್ಕುಗಳನ್ನೂ ಒಳಗೊಂಡಿವೆ. ಇಟಲಿಯ 1991ರ 281ನೇ ಕಾನೂನು ಸ್ವತಂತ್ರವಾಗಿ ಬದುಕುವ ಬೆಕ್ಕುಗಳನ್ನು ಹಿಂಸಿಸುವುದನ್ನು ನಿಷೇಧಿಸಿ, ಶಸ್ತ್ರಚಿಕಿತ್ಸೆಯ ಬಳಿಕ ಅವನ್ನು ತಮ್ಮ ಗುಂಪಿಗೇ ಮರಳಿಸಬೇಕೆಂದಿತು. ರೋಮ್‌ನ ತೋರೆ ಅರ್ಜೆಂಟೀನಾದ ಪ್ರಾಚೀನ ದೇವಾಲಯಗಳ ಅವಶೇಷಗಳ ನಡುವೆ ಅಂಥದೊಂದು ಗುಂಪು ಸ್ವಯಂಸೇವಕರ ಆರೈಕೆಯಲ್ಲಿದೆ. ಒಗ್ಗಿದ ಬೆಕ್ಕುಗಳು ಅಲ್ಲಿಂದ ದತ್ತು ಹೋಗುತ್ತವೆ, ಒಗ್ಗದವು ಆ ಕಲ್ಲುಗಳ ಮೇಲೆಯೇ ಬಿಸಿಲು ಕಾಯಿಸುತ್ತ ಉಳಿಯುತ್ತವೆ.