ಬಂಡಿಯ ನೊಗದಿಂದ ಜೀಪಿನ ಸಂಧಿಗೆ: ಹುಣಸೂರು ಸೀಮೆಯ ವಾಹನಚರಿತ್ರೆಯಲ್ಲಿ ಒಂದು ವಿಚಾರ

ಸಂಧಿಯೆಂಬ ಶಬ್ದವು ವೈಯಾಕರಣನಿಗೆ ಅಕ್ಷರಗಳ ಕೂಟವನ್ನೂ, ವೈದ್ಯನಿಗೆ ಮೂಳೆಗಳ ಕೂಟವನ್ನೂ, ಯಂತ್ರಕಾರನಿಗೆ ಎರಡು ದಂಡಗಳ ಕೂಟವನ್ನೂ ಸೂಚಿಸುವುದು. ವಾಹನಗಳ ಚರಿತ್ರೆಯಲ್ಲಿ ಚಕ್ರಕ್ಕೂ ಎಂಜಿನಿಗೂ ಸಲ್ಲುವ ಗೌರವವು ಈ ಮೂರನೆಯ ಸಂಧಿಗೆ ಸಾಮಾನ್ಯವಾಗಿ ಸಲ್ಲುವುದಿಲ್ಲ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಾದಿಗಳಲ್ಲಿ ಎತ್ತಿನ ಬಂಡಿಯ ಜೊತೆಗೆ ಜೀಪು ಬಂದುದರ ಅರ್ಥವನ್ನು ತಿಳಿಯಬೇಕಾದರೆ ಈ ಸಂಧಿಯನ್ನೇ ಮುಖ್ಯವಾಗಿ ಪರಿಶೀಲಿಸಬೇಕಾಗುವುದು.

ಲಕ್ಷ್ಮಣತೀರ್ಥ ನದಿಯ ದಡದಲ್ಲಿರುವ ಹುಣಸೂರು ಹಿಂದೆ ಅಮೃತಮಹಲ್ ಇಲಾಖೆಯ ಕೇಂದ್ರವಾಗಿದ್ದಿತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯೇ ಟೀಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆದುದು ವಿದಿತವೇ ಇದೆ. ಸೈನ್ಯದ ಫಿರಂಗಿಗಳನ್ನೂ ಸಾಮಾನುಗಳನ್ನೂ ಎಳೆದುದು ಈ ತಳಿಯ ಎತ್ತುಗಳು. ಸರ್ಕಾರದ ಚರ್ಮ, ಕಂಬಳಿ ಮತ್ತು ಮರದ ಕಾರ್ಖಾನೆಗಳು ಹುಣಸೂರಿನಲ್ಲಿದ್ದುದರಿಂದ ಅವು ನಿಂತುಹೋದ ಮೇಲೂ ಕೈಗೆಲಸದ ನೈಪುಣ್ಯವು ಊರಿನಲ್ಲಿ ಉಳಿಯಿತು. ಅಲ್ಲಿನ ಬಂಡಿಗಳ ಉತ್ತಮತೆಯನ್ನು ರೈಸರ ಮೈಸೂರು ಗೆಜೆಟಿಯರು ಹೇಳುವುದು. ಚುಂಚನಕಟ್ಟೆಯಲ್ಲಿ ಸಂಕ್ರಾಂತಿಯ ಕಾಲಕ್ಕೆ ನೆರೆಯುವ ದನಗಳ ಜಾತ್ರೆಯು ಈ ಸೀಮೆಯಲ್ಲಿ ಎತ್ತಿಗಿದ್ದ ಸ್ಥಾನಕ್ಕೆ ಮತ್ತೊಂದು ಸಾಕ್ಷಿ.

ಬಂಡಿಯ ರಚನೆಯಲ್ಲಿ ಒಂದು ವಿಶೇಷವುಂಟು. ಅದರ ಚಕ್ರಗಳನ್ನು ಯಾರೂ ತಿರುಗಿಸುವುದಿಲ್ಲ. ನೊಗದಿಂದ ಮೂಕಿಗೆ, ಮೂಕಿಯಿಂದ ಅಚ್ಚಿಗೆ ಬರುವ ಎಳೆತದಿಂದ ಅವು ತಾವಾಗಿ ಉರುಳುವುವು. ಒಂದೊಂದು ಚಕ್ರವೂ ಅಚ್ಚಿನ ತುದಿಯಲ್ಲಿ ಬೇರೆಬೇರೆಯಾಗಿ ತಿರುಗುವುದರಿಂದ ತಿರುವಿನಲ್ಲಿಯೂ ತೊಡಕಿಲ್ಲ. ವಚನಗಳನ್ನು ಓದಿದವರಿಗೆ ಪರಿಚಿತವಾದ ಕಡೆಗೀಲು ಚಕ್ರವು ಕಳಚದಂತೆ ಕಾಯುವುದೇ ಹೊರತು ಬಲವನ್ನು ಸಾಗಿಸುವುದಿಲ್ಲ. ಆದುದರಿಂದ ಎತ್ತರದ ಚಕ್ರವನ್ನು ಹಾಕಿ ಬಂಡಿಯನ್ನು ಮೇಲೆತ್ತಿದರೂ ಅಚ್ಚಿಗೆ ತಿರುಚುವಿಕೆಯ ಬಾಧೆ ಉಂಟಾಗದು.

ಜೀಪಿನಲ್ಲಿ ಈ ಕ್ರಮವು ತಲೆಕೆಳಗಾಯಿತು. ಎರಡನೆಯ ಮಹಾಯುದ್ಧದಲ್ಲಿ ಪ್ರಸಿದ್ಧವಾದ ವಿಲ್ಲೀಸ್ ಜೀಪಿನ ಜೋಡಣೆಯನ್ನು ಮಹೀಂದ್ರ ಸಂಸ್ಥೆಯು 1947ರಲ್ಲಿ ಮುಂಬಯಿಯಲ್ಲಿ ಆರಂಭಿಸಿತು. ನೆರೆಯ ಕೊಡಗಿನ ಕಾಫಿ ತೋಟಗಳಿಗೂ ನಾಗರಹೊಳೆಯ ಕಾಡುದಾರಿಗಳಿಗೂ ಹೊಂದುವ ವಾಹನವಿದು. ಇದರಲ್ಲಿ ಬಲವು ಎಳೆತವಾಗಿ ಅಲ್ಲ, ತಿರುಗುವಿಕೆಯಾಗಿ ಸಾಗುವುದು. ಗೇರುಪೆಟ್ಟಿಗೆಯು ಚೌಕಟ್ಟಿಗೆ ಬಿಗಿದಿರುವುದು; ಅಚ್ಚು ಪಟ್ಟಿ ಸ್ಪ್ರಿಂಗುಗಳ ಕೆಳಗೆ ಏರಿಳಿಯುತ್ತಿರುವುದು. ಇವೆರಡರ ನಡುವಿನ ಪ್ರೊಪೆಲ್ಲರ್ ಶಾಫ್ಟು ಓರೆಯಾಗಿಯೇ ತಿರುಗಬೇಕಾದುದರಿಂದ ಅದರ ಎರಡು ತುದಿಗಳಲ್ಲಿಯೂ ಶಿಲುಬೆಯಾಕಾರದ ಸಂಧಿಯು ಅವಶ್ಯಕವಾಯಿತು.

ಈ ಸಂಧಿಯು ಮೋಟಾರಿಗಿಂತ ಬಹಳ ಹಳೆಯದು. ಇಟಲಿಯ ಕಾರ್ಡಾನೋವಿನ ಹೆಸರು ಇದಕ್ಕೆ ಅಂಟಿಕೊಂಡಿದ್ದರೂ, ಇಂಗ್ಲೆಂಡಿನ ರಾಬರ್ಟ್ ಹುಕ್ಕನು 1676ರಲ್ಲಿ ಖಗೋಳೋಪಕರಣಗಳ ಪ್ರಸಂಗದಲ್ಲಿ ಇದನ್ನು ವಿವರಿಸಿದನು. ಓರೆಯಾಗಿ ಕೂಡಿದ ಎರಡು ದಂಡಗಳಲ್ಲಿ ಒಂದು ಸಮವೇಗದಿಂದ ತಿರುಗಿದರೂ ಮತ್ತೊಂದು ಪ್ರತಿ ಸುತ್ತಿನಲ್ಲಿ ಎರಡು ಬಾರಿ ಮುನ್ನುಗ್ಗಿ ಎರಡು ಬಾರಿ ಹಿಂಜರಿಯುವುದು. ನೆರಳುಗಡಿಯಾರದಲ್ಲಿ ಗಂಟೆಯ ಗೆರೆಗಳು ಸಮಾಂತರದಲ್ಲಿ ಬೀಳದಿರುವುದಕ್ಕೂ ಗಣಿತದ ಇದೇ ನಿಯಮವು ಕಾರಣ. ಓರೆಯು 10 ಡಿಗ್ರಿಯಾದರೆ ವೇಗದ ಏರಿಳಿತವು ಎರಡು ಕಡೆಗೂ ನೂರಕ್ಕೆ ಸುಮಾರು 1.5, 15 ಡಿಗ್ರಿಯಾದರೆ ಸುಮಾರು 3.5, 30 ಡಿಗ್ರಿಯಾದರೆ ಏರಿಕೆಯೇ 15ಕ್ಕೆ ಮೀರುವುದು. ಕೋನಕ್ಕಿಂತ ದೋಷವು ಬೇಗ ಬೆಳೆಯುವುದೆಂಬುದು ಇಲ್ಲಿ ಗಮನಾರ್ಹ. 1903ರಲ್ಲಿ ಅಮೆರಿಕದ ಕ್ಲಾರೆನ್ಸ್ ಸ್ಪೈಸರನು ಇಂತಹ ಸಂಧಿಗೆ ಪೇಟೆಂಟು ಪಡೆದ ತರುವಾಯ ಮೋಟಾರುಗಳಲ್ಲಿ ಇದು ಸರ್ವತ್ರ ಹರಡಿತು.

ಕಾಡುದಾರಿಯ ಗುಂಡಿಗಳನ್ನು ದಾಟಲೆಂದು ಜೀಪನ್ನು ಮೇಲೇರಿಸುವವರು ಎದುರಿಸಬೇಕಾದುದು ಈ ಹುಕ್ಕನ ನಿಯಮವನ್ನೇ. ಏರಿಸುವುದರಲ್ಲಿಯೂ ಭೇದವುಂಟು. ದೊಡ್ಡ ಟೈರನ್ನು ಹಾಕಿದರೆ ಅಚ್ಚೂ ಗೇರುಪೆಟ್ಟಿಗೆಯೂ ಒಟ್ಟಾಗಿ ಏರುವುದರಿಂದ ಸಂಧಿಯ ಕೋನವು ಮಾರ್ಪಡುವುದಿಲ್ಲ. ಸ್ಪ್ರಿಂಗನ್ನು ಎತ್ತರಿಸಿದರೆ ಗೇರುಪೆಟ್ಟಿಗೆ ಮಾತ್ರ ಏರಿ ಶಾಫ್ಟಿನ ಓರೆ ಹೆಚ್ಚುವುದು. ಶಾಫ್ಟಿನ ತುದಿಗಳ ನಡುವೆ ಅಡ್ಡಲಾಗಿ 60 ಸೆಂಟಿಮೀಟರ್ ದೂರವಿದ್ದು, ಎತ್ತರದ ಅಂತರವು 10 ಸೆಂಟಿಮೀಟರಿನಿಂದ 16ಕ್ಕೆ ಏರಿದರೆ, ಓರೆಯು ಸುಮಾರು 9½ ಡಿಗ್ರಿಯಿಂದ 15 ಡಿಗ್ರಿಗೆ ಏರುವುದು. ಗಿಡ್ಡ ಜೀಪಿನಲ್ಲಿ ಹಿಂದಿನ ಶಾಫ್ಟೂ ಗಿಡ್ಡದಾದುದರಿಂದ ಬಾಧೆಯು ಅಧಿಕ.

ಇದರ ಪರಿಹಾರವು ಪಿನಿಯನ್ ಎಂಬ ಕಿರಿಯ ಹಲ್ಲುಚಕ್ರದ ನಿಲುವಿನಲ್ಲಿದೆ. ಎರಡು ತುದಿಗಳಲ್ಲಿಯೂ ಒಂಟಿ ಸಂಧಿಯಿದ್ದರೆ, ಗೇರುಪೆಟ್ಟಿಗೆಯ ದಂಡವೂ ಪಿನಿಯನ್ನಿನ ದಂಡವೂ ಸಮಾನಾಂತರವಾಗಿರಬೇಕು. ಆಗ ಒಂದು ಸಂಧಿಯ ದೋಷವನ್ನು ಮತ್ತೊಂದು ಕಳೆಯುವುದು. ಅಚ್ಚಿಗೂ ಸ್ಪ್ರಿಂಗಿಗೂ ನಡುವೆ ಓರೆಬಿಲ್ಲೆಯನ್ನಿಟ್ಟು ಪಿನಿಯನ್ನಿನ ಮೂತಿಯನ್ನು ಮಾತ್ರ ಮೇಲೆತ್ತಿದರೆ ಈ ಸಮತೆಯು ಕೆಟ್ಟು ನಡುಕ ಹುಟ್ಟುವುದು. ಗೇರುಪೆಟ್ಟಿಗೆಯ ಕಡೆ ಜೋಡಿ ಸಂಧಿಯನ್ನು ಹಾಕಿದಲ್ಲಿ ನಿಯಮವು ಬೇರೆ: ಆಗ ಪಿನಿಯನ್ ನೇರವಾಗಿ ಶಾಫ್ಟಿನತ್ತ ಮುಖಮಾಡಬೇಕು. ಎರಡು ನಿಯಮಗಳನ್ನು ಬೆರೆಸಿದವರ ವಾಹನದಲ್ಲಿ ಸಂಧಿಯ ಬೇರಿಂಗುಗಳು ಬೇಗ ಸವೆಯುವುವು. ಕೋನವು ಮಿತಿಮೀರಿದರೆ ಶಾಫ್ಟೇ ಮುರಿಯಬಹುದು. ಜನವಸತಿಯಿಲ್ಲದ ಕಾಡಿನ ನಡುವೆ ಇದು ಅಲ್ಪವಾದ ಆಪತ್ತಲ್ಲ.

ಕಾನೂನಿನ ಮಿತಿಯೂ ಇದೆ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು, ನೋಂದಣಿಪತ್ರದ ವಿವರಗಳು ತಯಾರಕರು ಮೂಲತಃ ಸೂಚಿಸಿದುದಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುವುದು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಸಮರ್ಥಿಸಿತು.

ಇವೆಲ್ಲವನ್ನೂ ಕೂಡಿ ನೋಡಿದರೆ, ಹುಣಸೂರಿನ ಬಡಗಿಯ ಬಂಡಿಗೂ ಇಂದಿನ ಜೀಪಿಗೂ ಇರುವ ಮೂಲಭೇದವು ವೇಗದಲ್ಲಾಗಲಿ ಬಲದಲ್ಲಾಗಲಿ ಇಲ್ಲವೆಂದು ತಿಳಿಯುವುದು. ಬಂಡಿಯಲ್ಲಿ ಎತ್ತರವು ಎತ್ತರವೇ. ಜೀಪಿನಲ್ಲಿ ಸ್ಪ್ರಿಂಗಿನಿಂದ ಪಡೆದ ಎತ್ತರಕ್ಕೆ ಸಂಧಿಯಲ್ಲಿ ಸುಂಕವನ್ನು ತೆರಬೇಕಾಗುವುದು. ವ್ಯಾಕರಣದಲ್ಲಿ ಸಂಧಿಕಾರ್ಯವು ಪದಗಳೆರಡನ್ನೂ ನೋಡಿ ನಡೆಯುವಂತೆ, ಯಂತ್ರದಲ್ಲಿಯೂ ಒಂದು ತುದಿಯನ್ನು ತಿದ್ದುವವನು ಮತ್ತೊಂದು ತುದಿಯನ್ನು ಮರೆಯಲಾಗದು.