ಆರು ಪೌಂಡಿನ ಕುದುರೆ

ಕೋವಿಗೂ ಒಂದು ಕುದುರೆ ಇರುತ್ತದೆ ಎಂಬುದು ನಮ್ಮ ಹಳೆಯ ಮಾತು. ತೋಟೆಯ ಮೇಲೆರಗುವ ಸುತ್ತಿಗೆಯೋ, ಬೆರಳಿಗೆ ಸಿಗುವ ಟ್ರಿಗರೋ, ಆಡುಮಾತು ಅಷ್ಟು ಬಿಡಿಸಿ ನೋಡುವುದಿಲ್ಲ. ಇಲ್ಲಿ ಹೇಳುತ್ತಿರುವುದು ಬೆರಳಿಗೆ ಸಿಗುವ ಕುದುರೆಯ ಕಥೆ.

1964ರಲ್ಲಿ ಅಮೆರಿಕದ ರೂಗರ್ ಕಂಪನಿ 10/22 ಎಂಬ ಹಗುರ ರೈಫಲನ್ನು ಮಾರುಕಟ್ಟೆಗೆ ತಂದಿತು. ತೂಕ ಸುಮಾರು 5 ಪೌಂಡು. ಟ್ರಿಗರ್ ಎಳೆಯಲು ಬೇಕಾದ ಬಲ ಸುಮಾರು 6 ಪೌಂಡು. ರೈಫಲಿಗಿಂತ ಅದರ ಟ್ರಿಗರೇ ಭಾರ! ತನ್ನ ತೂಕಕ್ಕಿಂತ ಹೆಚ್ಚಿನ ಬಲ ಬಿದ್ದಾಗ ರೈಫಲು ಗುರಿಯಿಂದ ಅಲುಗದೆ ಹೇಗಿದ್ದೀತು? ಎನ್‌ಸಿಸಿಯಲ್ಲಿ .22 ರೈಫಲ್ ಹಿಡಿದು ಮಲಗಿದ್ದವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಕಣ್ಣು, ಉಸಿರು ಎಲ್ಲ ಹದಕ್ಕೆ ಬಂದಿರುತ್ತದೆ. ಕೊನೆಯ ಗಳಿಗೆಯಲ್ಲಿ ಬೆರಳು ಕೆಡಿಸುತ್ತದೆ.

ಭಾರಕ್ಕೆ ಒಂದು ಕಾರಣ ತೋಟೆಯಲ್ಲೇ ಇದೆ. 1845ರ ಸುಮಾರಿಗೆ ಪ್ಯಾರಿಸ್ಸಿನ ಫ್ಲೋಬರ್ ಎಂಬಾತ ಸಿಡಿಗುಂಡಿಯ ಬಾಯಿಗೆ ಪುಟ್ಟ ಗುಂಡು ಕೂರಿಸಿ, ಮನೆಯ ಪಡಸಾಲೆಯಲ್ಲೇ ಹೊಡೆಯುವ ಆಟದ ಬಂದೂಕು ಮಾಡಿದ. ಅದರ ವಂಶದ್ದೇ 1887ರ .22 ಲಾಂಗ್ ರೈಫಲ್ ತೋಟೆ. ಕಿಡಿಯ ಮದ್ದು ಅಂಚಿನ ಮಡಿಕೆಯೊಳಗಿರುವುದರಿಂದ ಆ ಅಂಚು ಜಜ್ಜಿಹೋಗುವಂತೆ ಹೊಡೆಯಬೇಕು. ಅದಕ್ಕೆ ಗಟ್ಟಿ ಸ್ಪ್ರಿಂಗು ಬೇಕು; ಆ ಸ್ಪ್ರಿಂಗಿನ ಒತ್ತಡವೆಲ್ಲ ಸುತ್ತಿಗೆಯನ್ನು ತಡೆಹಿಡಿದ ಸಣ್ಣ ಕೊಂಡಿಯ ಮೇಲೆ. ಕೊಂಡಿಯ ಮೈ ಒರಟಾಗಿದ್ದರೆ ಬೆರಳಿಗೆ ಅದು ಮರಳಿನ ಮೇಲೆ ಎಳೆದಂತೆ ತಿಳಿಯುತ್ತದೆ.

ಮಧ್ಯ ಯುರೋಪಿನ ಕಮ್ಮಾರರು ಇದಕ್ಕೆ ಬಹು ಹಿಂದೆಯೇ ಉಪಾಯ ಕಂಡುಕೊಂಡಿದ್ದರು: ಜೋಡಿ ಟ್ರಿಗರ್. ಹಿಂದಿನದನ್ನು ಎಳೆದು ಹೂಡಿದರೆ ಮುಂದಿನದು ಹೂವು ಮುಟ್ಟಿದಷ್ಟಕ್ಕೆ ಬಿಟ್ಟುಕೊಡುತ್ತದೆ. ಅಮೆರಿಕಕ್ಕೆ ವಲಸೆ ಹೋದ ಜರ್ಮನ್ನರು ತಮ್ಮ ಗುರಿಕಾರರ ಸಂಘಗಳ ಜೊತೆಗೆ ಇದನ್ನೂ ಒಯ್ದರು. ಆದರೆ ಕಾರ್ಖಾನೆಯ ಅಗ್ಗದ ಸರಕಿನಲ್ಲಿ ಅಂಥ ನಾಜೂಕಿಗೆ ಎಡೆಯೆಲ್ಲಿ?

ಇನ್ನೊಂದು ಕಾರಣ ಕೋರ್ಟು. ಟ್ರಿಗರ್ ಮುಟ್ಟದೆಯೇ ಗುಂಡು ಹಾರಿತು ಎಂಬ ದೂರುಗಳ ಮೇಲೆ ರೆಮಿಂಗ್ಟನ್ 700 ಎಂಬ ದೊಡ್ಡ ಬೇಟೆ ರೈಫಲಿನ ವಿರುದ್ಧ ದಶಕಗಳ ಕಾಲ ದಾವೆಗಳು ನಡೆದವು. ಕಂಪನಿ ದೋಷ ಒಪ್ಪಲಿಲ್ಲ. 2014ರಲ್ಲಿ ರಾಜಿಗೆ ಬಂದು ಟ್ರಿಗರ್ ಬದಲಿಸಿಕೊಡಲು ಒಪ್ಪಿತು. ಇಂಥ ಭಯವಿದ್ದ ಕಾಲದಲ್ಲಿ ತಯಾರಕರು ಭಾರವನ್ನೇ ಆರಿಸಿಕೊಂಡರು. ಅಮೆರಿಕದ ಹೊಡೆತಗಾರರು ಅದನ್ನು ‘ವಕೀಲರ ಟ್ರಿಗರ್’ ಎಂದು ಲೇವಡಿ ಮಾಡಿದರು. ಲೇವಡಿ ಸುಲಭ. ಹಗುರ ಮಾಡುವ ಆತುರದಲ್ಲಿ ಕೊಂಡಿಯನ್ನು ಮನೆಯಲ್ಲೇ ಉಜ್ಜಿದರೆ, ರೈಫಲು ಕೆಳಗೆ ಬಿದ್ದ ಏಟಿಗೇ ಗುಂಡು ಹಾರಬಹುದು. ವಕೀಲರ ಅಂಜಿಕೆ ಹುರುಳಿಲ್ಲದ್ದೇನಲ್ಲ.

ಈ ನಡುವಿನ ಜಾಗದಲ್ಲೇ ಹೊರಗಿನ ಕುಶಲಕರ್ಮಿಗಳು ಬೇರೂರಿದರು. ಟಿಮ್ನಿ ಕಂಪನಿ 1946ರಿಂದಲೇ ಬದಲಿ ಟ್ರಿಗರ್ ಮಾಡುತ್ತಿತ್ತು. 10/22 ಅಂತೂ ಅವರಿಗೆಂದೇ ಹುಟ್ಟಿದಂತಿತ್ತು: ಎರಡು ಅಡ್ಡ ಪಿನ್ನು ತಳ್ಳಿದರೆ ಟ್ರಿಗರ್, ಸುತ್ತಿಗೆ, ಸ್ಪ್ರಿಂಗು ಎಲ್ಲ ಒಂದೇ ಗಡ್ಡೆಯಾಗಿ ಕೈಗೆ ಬರುತ್ತದೆ. ಐಯೋವಾದ ವೋಲ್ಕ್ವಾರ್ಟ್‌ಸನ್, ಟೆಕ್ಸಾಸಿನ ಕಿಡ್ ನುಣುಪಾದ ಕೊಂಡಿಗಳ ಇಡೀ ಗಡ್ಡೆಯನ್ನೇ ಮಾರಿದರು. ರೈಫಲಿನಷ್ಟೇ ಬೆಲೆಯ ಟ್ರಿಗರ್ ಕೊಳ್ಳುವವರೂ ಸಿಕ್ಕರು. ಇದನ್ನು ಹುಚ್ಚೆನ್ನಲು ನನಗೆ ಮನಸ್ಸಿಲ್ಲ. ವೀಣೆಯ ತಂತಿಗೆ ದುಡ್ಡು ಸುರಿಯುವವರನ್ನು ನಾವು ಹಾಗೆನ್ನುತ್ತೇವೆಯೇ?

2002ರಲ್ಲಿ ಸ್ಯಾವೇಜ್ ಕಂಪನಿ ಟ್ರಿಗರಿನ ನಡುವೆ ತೆಳು ಅಲಗೊಂದನ್ನು ಇಟ್ಟಿತು. ಅದು ಒತ್ತದೆ ಗುಂಡು ಹಾರದು, ಹಾಗಾಗಿ ಎಳೆತ ಹಗುರವಾದರೂ ಭಯವಿಲ್ಲ. ಕೋರ್ಟಿಗೂ ಬೆರಳಿಗೂ ಒಪ್ಪುವ ಈ ದಾರಿಯನ್ನು ಹೊರಗಿನವರಲ್ಲ, ಕಾರ್ಖಾನೆಯೇ ಕಂಡುಕೊಂಡಿತ್ತು.

50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಟ್ರಿಗರ್ ಇಷ್ಟಾದರೂ ಭಾರವಿರಬೇಕೆಂಬ ನಿಯಮವೇ ಇಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಲೆ ಕಂಚು ಗೆದ್ದದ್ದು ಅದೇ .22 ತೋಟೆಯ ಸ್ಪರ್ಧೆಯಲ್ಲಿ. ಇತ್ತ ರೂಗರ್ ಕೊನೆಗೆ ತಾನೇ 3 ಪೌಂಡಿಗಿಂತ ಕಡಿಮೆ ಬಲ ಬೇಡುವ ಟ್ರಿಗರ್ ಗಡ್ಡೆಯನ್ನು ಬಿಡಿಯಾಗಿ ಮಾರತೊಡಗಿತು. ಭಾರದ್ದನ್ನು ರೈಫಲಿನೊಂದಿಗೆ ಕೊಡುತ್ತಾರೆ, ಹಗುರದ್ದಕ್ಕೆ ಬೇರೆ ದುಡ್ಡು.